ಬೆಂಚು ಬಿಟ್ಟು ಎದ್ದವರು

ಕಾಲನಿಯ ಬಾಸ್ಕೆಟ್‌ಬಾಲ್ ತಂಡ ಸೋತ ದಿನ ಚನ್ನಬಸಪ್ಪನ ಮನೆಯಲ್ಲಿ ಪುಂಡಿಪಲ್ಯ ಆಗಿತ್ತು. ಗೆದ್ದು ಬಂದು ಹೊಟ್ಟೆ ತುಂಬ ಉಣ್ಣಬೇಕೆಂದು ಬೆಳಿಗ್ಗೆಯೇ ಅವನು ಕುಷಾಯಿಗೂಡ ಮಾರ್ಕೆಟ್ಟಿಗೆ ಹೋಗಿ, ಸೊಪ್ಪಿನವಳ ಜೊತೆ ತೆಲುಗಿನಲ್ಲಿ ಜಗಳಾಡಿ, ಎಳೆಯ ಪುಂಡಿಯನ್ನೇ ಆರಿಸಿ ತಂದಿದ್ದ. ತಂಡ ಸೋತರೂ ಒಲೆ ಹಚ್ಚಲೇಬೇಕಲ್ಲ. ಹೆಂಡತಿ ವನಜಾ ಜೋಳದ ರೊಟ್ಟಿ ಬಡಿದು, ಉಳ್ಳಾಗಡ್ಡಿ ಹೆಚ್ಚಿಟ್ಟು ಎಲ್ಲರನ್ನೂ ಕರೆದಳು. ಬಂದು ಕೂತವರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

“ಹನ್ನೊಂದು ಪಾಯಿಂಟು,” ಎಂದ ಚನ್ನಬಸಪ್ಪ ರೊಟ್ಟಿ ಮುರಿಯುತ್ತ. “ನಮ್ಮ ಪವನ ಒಳಗಿದ್ದಿದ್ರ ಅದ ಹನ್ನೊಂದರಿಂದ ನಾವು ಗೆಲ್ತಿದ್ವಿ.”

ಸೊಸೆ ನೇತ್ರಾ ಏಳು ತಿಂಗಳ ಬಸುರಿ. ಗೋಡೆಗೆ ಒರಗಿ ಕೂತವಳು ನಿಧಾನಕ್ಕೆ ಹೇಳಿದಳು: “ಒಳಗ ಇರಾಕ ಬರ್ತಿರಲಿಲ್ಲಲ್ರಿ ಮಾವಾರ. ಆಟ ನಡದಾಗ ಹೊಡದಾಟ ಆತಂದ್ರ ಬೆಂಚಿನ ಮ್ಯಾಲೆ ಕುಂತವರು ಕುಂತ ಇರಬೇಕು. ಎದ್ದು ಒಳಗ ಬಂದ್ರ ಮುಂದಿನ ಆಟ ಇಲ್ಲ. ನಾ ಕಾಲೇಜಿನಾಗ ಆಡುವಾಗಲೂ ಹಂಗ ಇತ್ತು.”

“ನೀ ಕಾಲೇಜಿನಾಗ ಆಡಿದ್ದು ನನಗ ಗೊತ್ತೈತಿ. ಈಗ ಯಾರ ಕಡೆ ಆಡಾಕತ್ತೀ ಅದನ್ನ ಹೇಳು.”

ನೇತ್ರಾ ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಅವಳ ಗಂಡ ಮಹಾಂತೇಶ ಅವಳು ಎದ್ದದ್ದನ್ನು ನೋಡಿದ, ಅಪ್ಪನನ್ನು ನೋಡಿದ, ಆಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡ.

ಆ ಮನೆಯಲ್ಲಿ ಎರಡು ಪಕ್ಷಗಳಿರುವುದು ಹೊಸದೇನಲ್ಲ. ಚನ್ನಬಸಪ್ಪ ಕಾರ್ಖಾನೆಯ ಕೆಲಸಕ್ಕೆಂದು ಇಳಕಲ್ಲ ಕಡೆಯಿಂದ ಸಿಕಂದರಾಬಾದಿಗೆ ಬಂದವನು. ವಯಸ್ಸಿನಲ್ಲಿ ಕಾರ್ಖಾನೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವನು, ನಿವೃತ್ತಿಯಾದ ಮೇಲೆ ಕಾಲನಿ ತಂಡದ ಬೆಂಚಿನ ಹಿಂದಿನ ಮೆಟ್ಟಿಲನ್ನು ತನ್ನ ಹೆಸರಿಗೆ ಬರೆಸಿಕೊಂಡವನಂತೆ ಅಲ್ಲೇ ಕೂರುವವನು. ಚಿಕ್ಕ ಮಗ ಪವನ ಆ ತಂಡದ ಜೀವ. ನೇತ್ರಾಳ ತಮ್ಮ ಪರಮೇಶ ಲಿಂಗಂಪಲ್ಲಿ ಕ್ಲಬ್ಬಿನ ಆಟಗಾರ. ಎರಡು ತಂಡಗಳು ಎದುರಾದ ದಿನ ಮಾವ ಸೊಸೆ ಒಬ್ಬರನ್ನೊಬ್ಬರು ಕೆಣಕುವುದು, ಸೋತವರು ಗೆದ್ದವರಿಗೆ ಚಹಾ ಮಾಡಿಕೊಡುವುದು, ಎರಡು ವರ್ಷ ಹೀಗೇ ನಗುನಗುತ್ತ ನಡೆದಿತ್ತು. ಚನ್ನಬಸಪ್ಪ ಸೊಸೆಗೆಂದು ಚಹಾ ಮಾಡಿ, ಸಕ್ಕರೆ ಮರೆತು, ಬೈಸಿಕೊಂಡದ್ದೂ ಇತ್ತು.

ಈ ಸಲ ಸೆಮಿಫೈನಲ್. ಮೂರು ಆಟಗಳಲ್ಲಿ ಎರಡು ಗೆದ್ದವರು ಫೈನಲ್ಲಿಗೆ. ಫೈನಲ್ ನೋಡಲು ಸರ್ಕಾರಿ ನೌಕರಿಯ ಕ್ರೀಡಾ ಕೋಟಾದವರು ಬರುತ್ತಾರೆಂದು ಸುದ್ದಿಯಿತ್ತು. ಪವನನಿಗೆ ಅದೇ ಆಸೆ, ಅವನಿಗಿಂತ ಹೆಚ್ಚಾಗಿ ಅವನ ಅಪ್ಪನಿಗೆ. ಮೊದಲ ಆಟ ಲಿಂಗಂಪಲ್ಲಿಯದಾಯಿತು. ಎರಡನೆಯದನ್ನು ಕಾಲನಿಯವರು ಗೆದ್ದರು, ಆದರೆ ಗೆಲ್ಲುವ ಹೊತ್ತಿಗೇ ಎಡವಟ್ಟಾಯಿತು. ಲಿಂಗಂಪಲ್ಲಿಯ ಒಬ್ಬ ಕಾಲನಿಯ ಗಿಡ್ಡ ಹುಡುಗನನ್ನು ಬೇಕೆಂದೇ ದೂಡಿ ಬೀಳಿಸಿದ. ಅಂಗಳದಲ್ಲಿದ್ದವರು ಕೊರಳಪಟ್ಟಿ ಹಿಡಿದರು. ಸುಧಾರಿಸಿಕೊಳ್ಳಲೆಂದು ಬೆಂಚಿನಲ್ಲಿ ಕೂತಿದ್ದ ಪವನ ಎದ್ದು ಒಳಗೆ ಓಡಿದ. ಅವನು ಎದ್ದದ್ದು ನೋಡಿ ಪಕ್ಕದಲ್ಲಿದ್ದ ಅಜ್ಮತ್ ಕೂಡ ಓಡಿದ. ಇಬ್ಬರೂ ಯಾರ ಮೈಮೇಲೂ ಕೈ ಮಾಡಲಿಲ್ಲ. ಆದರೂ ಸಮಿತಿ ಇಬ್ಬರನ್ನೂ ಮೂರನೆಯ ಆಟದಿಂದ ಹೊರಗಿಟ್ಟಿತು, ಅವರಿಲ್ಲದೆ ಕಾಲನಿಯವರು ಆ ಆಟ ಸೋತರು.

ಇಷ್ಟು ಊರಿಗೆಲ್ಲ ಗೊತ್ತು. ವನಜಾಳಿಗೆ ಗೊತ್ತಿದ್ದದ್ದು ಇನ್ನೂ ಸ್ವಲ್ಪ ಹೆಚ್ಚು.

ಚನ್ನಬಸಪ್ಪನಿಗೆ ಒಂದು ಚಾಳಿಯಿತ್ತು. ಅಂಗಳದಲ್ಲಿ ಎಲ್ಲರದೂ ತೆಲುಗು, ಇಲ್ಲ ಹಿಂದಿ. ಅವನು ಮಾತ್ರ ಹಿಂದಿನ ಮೆಟ್ಟಿಲಿನಿಂದ ಮಗನಿಗೆ ಕನ್ನಡದಲ್ಲಿ ಹೇಳಿಕೊಡುತ್ತಿದ್ದ. ‘ಎಡಕ್ಕ ಸರಿ.’ ‘ಅವಂದು ಬಲಗೈ ಸೋತೈತಿ, ಅತ್ತ ಹೋಗು.’ ಎದುರಾಳಿಗಳಿಗೆ ತಿಳಿಯದು, ಕೋಚಿಗೂ ತಿಳಿಯದು. ಅಪ್ಪ ಮಗ ಮನೆ ಮಾತು ಆಡುತ್ತಿದ್ದಾರೆಂದು ಸುಮ್ಮನಿರುತ್ತಿದ್ದರು. ಪವನ ಸಣ್ಣವನಿದ್ದಾಗಿನಿಂದ ಆ ಒಂದು ದನಿಗೆ ಕಿವಿ ಕೊಟ್ಟು ಬೆಳೆದವನು. ಕೋಚು ಹತ್ತು ಸಲ ಹೇಳಿದರೂ ಕೇಳಿಸದ್ದು ಅಪ್ಪ ಒಮ್ಮೆ ಕೂಗಿದರೆ ಕೇಳಿಸುತ್ತಿತ್ತು.

ಆ ದಿನ ಗಿಡ್ಡ ಹುಡುಗ ಬಿದ್ದಾಗ ಕೋಚು ಎರಡೂ ಕೈ ಚಾಚಿ ಬೆಂಚಿನವರನ್ನು ತಡೆದಿದ್ದ. ಪವನ ಕೂತೇ ಇದ್ದ. ಆಗ ಚನ್ನಬಸಪ್ಪ ಎದ್ದು ನಿಂತು ಕೂಗಿದ್ದ: “ಏ ಪವ್ಯಾ, ಏನ್ ಕುಂತೀಯಲೇ, ಏಳು. ಒಳಗ ಹೋಗು.”

ಪಕ್ಕದಲ್ಲಿದ್ದ ವನಜಾ ಗಂಡನ ತೋಳು ಹಿಡಿದು ಜಗ್ಗಿದ್ದಳು. “ಕುಂದರ್‍ರಿ, ಅವನ್ನ ಯಾಕ ಎಬ್ಬಸ್ತೀರಿ,” ಎಂದಿದ್ದಳು. ಅಷ್ಟರಲ್ಲಿ ಮಗ ಗೆರೆ ದಾಟಿಯಾಗಿತ್ತು.

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಸೋತ ಬೇಗೆಯಲ್ಲಿ ಗಂಡ ರೆಫ್ರಿಗೆ ಬೈದ, ಸಮಿತಿಗೆ ಬೈದ. ನಾಲ್ಕು ದಿನ ಕಳೆದ ಮೇಲೆ ಬೈಗುಳಕ್ಕೆ ಮನೆಯೊಳಗೇ ಒಂದು ಜಾಗ ಸಿಕ್ಕಿತು. ಪವನ ಗೆರೆ ದಾಟಿದ್ದರ ವಿಡಿಯೋ ಯಾರೋ ಸಮಿತಿಗೆ ಕಳಿಸಿದ್ದರಂತೆ. ಅವತ್ತು ನೇತ್ರಾ ಮಾವನ ಹಿಂದೆಯೇ ಕೂತು ತಮ್ಮನ ಆಟವನ್ನು ಫೋನಿನಲ್ಲಿ ಹಿಡಿಯುತ್ತಿದ್ದಳಲ್ಲ, ಅಷ್ಟು ಸಾಕಾಯಿತು.

ಮುಂದಿನ ಭಾನುವಾರ ಪರಮೇಶ ಅವ್ವ ಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದ. ಬಂದದ್ದು ಅಕ್ಕನ ಕುಬಸದ ದಿನ ಗೊತ್ತು ಮಾಡಲು. ತವರಿನವರು ಹಸಿರು ಸೀರೆ, ಬುತ್ತಿ ತಂದು, ಗಂಡನ ಮನೆಯಲ್ಲಿ ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದೊಯ್ಯಬೇಕು. ಅಪ್ಪ ತೀರಿಕೊಂಡ ಮನೆ ಅದು. ಬುತ್ತಿ ಹೊರಲು ಇದ್ದ ಗಂಡು ದಿಕ್ಕು ಅವನೊಬ್ಬನೇ.

“ಮಾವಾರ, ಅವ್ವ ಮುಂದಿನ ತಿಂಗಳು ಅಂದಾಳ್ರಿ. ನಿಮಗ ಯಾವ ದಿನ ಬರೋಬರಿ ಆಗ್ತೈತಿ?”

“ಅದು ಆಮ್ಯಾಲ. ಮೊದಲು ಇದನ್ನ ಹೇಳು, ವಿಡಿಯೋ ಯಾರು ಕೊಟ್ರು?”

“ಎಲ್ಲಾರ ಕೈಯಾಗ ಫೋನ್ ಇದ್ವಲ್ರಿ. ಯಾರು ಕೊಟ್ರೇನು, ರೆಫ್ರಿ ಕಣ್ಣಾರೆ ನೋಡಿ ಬರಕೊಟ್ಟಾರ.”

“ದೂಡಿದಾವ ನಿಮ್ಮ ಕಡೆಯಾವ. ಅವಂಗ ಏನಾತು?”

“ಅವನ್ನೂ ಹೊರಗ ಕುಂದರ್ಸ್ಯಾರ್ರಿ.”

“ದೂಡಿದ್ದಕ್ಕ ಒಬ್ಬ, ಬರೇ ನಿಂತದ್ದಕ್ಕ ಇಬ್ಬರು. ಇದ್ಯಾವ ನ್ಯಾಯ ಲೇ? ಇಬ್ಬರಿಲ್ಲದ ತಂಡದ ಮ್ಯಾಲೆ ಗೆದ್ದು ಮೀಸಿ ತಿರುವಾಕತ್ತೀರಿ.”

“ನಾವೂ ಒಬ್ಬನ್ನ ಬಿಟ್ಟ ಆಡೀವ್ರಿ. ಹಂಗ ನೋಡಿದ್ರ ಮೊದಲ ಆಟ ಪವನ ಇದ್ದಾಗಲೂ ಗೆದ್ದೀವಿ.”

“ಗೆದ್ದೀರಿ. ನಿಮ್ಮ ರೆಫ್ರಿ ಇದ್ದ.”

ಪರಮೇಶ ನಗಲು ನೋಡಿದ, ನಗು ಬರಲಿಲ್ಲ. “ರೆಫ್ರಿನ್ನ ಬಿಡ್ರಿ ಮಾವಾರ. ನಿಮ್ಮ ಕೋಚು ಕೈ ಅಡ್ಡ ಹಿಡದಿದ್ರು. ಪವನ ಕುಂತ ಇದ್ದ, ನಾ ಎದುರಿಗೇ ಇದ್ದೆ. ಕುಂತಾವ ಯಾಕ ಎದ್ದ ಅಂದ್ರ…”

ಅಲ್ಲಿಗೆ ನಿಲ್ಲಿಸಿ ವನಜಾಳ ಕಡೆ ನೋಡಿದ. ಇವನಿಗೂ ಕೇಳಿಸಿದೆ ಎಂದು ವನಜಾಳಿಗೆ ಆಗ ಹೊಳೆಯಿತು. ಮೊದಲೆಲ್ಲ ಎದುರಾಳಿಗಳ ಪೈಕಿ ಕನ್ನಡ ಬಲ್ಲವನು ಇರಲಿಲ್ಲ. ಈಗಿದ್ದ, ಅದೂ ಸ್ವಂತ ಬೀಗರ ಮನೆಯವನು. ಹುಡುಗ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿದ. ಅವಳು ಡಬ್ಬಿಯ ಮುಚ್ಚಳ ತೆಗೆದು ಹೋಳಿಗೆ ಎಣಿಸುವವಳಂತೆ ತಲೆ ಬಗ್ಗಿಸಿದಳು.

“ಯಾಕ ಎದ್ದ? ಮೈಯಾಗ ರಕ್ತ ಐತಿ, ಎದ್ದ,” ಎಂದ ಚನ್ನಬಸಪ್ಪ. “ಕುಬಸಕ್ಕ ನಿಮ್ಮವ್ವ ಬರಲಿ. ನೀ ನನ್ನ ಹೊಸ್ತಿಲ ತುಳೀಬ್ಯಾಡ.”

ಅಡುಗೆಮನೆಯಿಂದ ನೇತ್ರಾ ಹೊರಗೆ ಬಂದಳು. “ಅವ ಬರದಿದ್ರ ಕುಬಸನ ಬ್ಯಾಡ್ರಿ ನನಗ.”

“ಬ್ಯಾಡಂದ್ರ ಬಿಡು.”

ಪರಮೇಶ ಚಪ್ಪಲಿ ಮೆಟ್ಟಿದ. ಅವನಿಗೆಂದು ಕಾಸಿದ ಚಹಾ ಪಾತ್ರೆಯಲ್ಲೇ ಕೆನೆ ಕಟ್ಟಿತು.

ಅಲ್ಲಿಂದ ಮನೆಯ ನಡಾವಳಿಯೇ ಬದಲಾಯಿತು. ಮಾವ ಹೊರಕೋಣೆಯಲ್ಲಿದ್ದರೆ ಸೊಸೆ ಅಡುಗೆಮನೆ ಬಿಟ್ಟು ಬರಳು. ಅವಳು ಮಾಡಿದ ಹುಳಿ ಚನ್ನಬಸಪ್ಪನಿಗೆ ಉಪ್ಪಾಗತೊಡಗಿತು, ವನಜಾ ಮಾಡಿದ್ದನ್ನು ಅವಳದೆಂದು ತಿಳಿದು ಅದಕ್ಕೂ ಉಪ್ಪು ಹೆಚ್ಚೆಂದ. ಏಳು ತಿಂಗಳ ಹೊಟ್ಟೆ ಹೊತ್ತು ನೇತ್ರಾ ಮಹಡಿಗೆ ಹೋಗಿ ಅರಿವೆ ಒಣಹಾಕಿ ಬರುವಾಗ, “ಫೋನಿನ್ಯಾಗ ಮಾತಾಡಾಕ ಹೋಗಿರಬೇಕು, ಸುದ್ದಿ ಮುಟ್ಟಿಸಾಕ,” ಎಂದು ಅವಳಿಗೆ ಕೇಳುವ ಹಾಗೆ ಅನ್ನುತ್ತಿದ್ದ. ವನಜಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಆದರೂ ಬಾಯಿ ಬಿಡುತ್ತಿರಲಿಲ್ಲ. ಗಂಡನ ಸಿಟ್ಟು ಅವಳು ಮದುವೆಯಾದ ವರ್ಷದಿಂದ ಕಂಡದ್ದು. ಅದು ಬೇರೆಯವರ ಮೇಲೆ ಬಿದ್ದ ದಿನ ತನ್ನ ಮೇಲೆ ಬೀಳಲಿಲ್ಲವೆಂದು ಒಳಗೊಳಗೇ ನಿರಾಳವಾಗುವ ಹೆಂಗಸು ಅವಳು. ಅದು ಅವಳಿಗೂ ಗೊತ್ತಿತ್ತು.

ಹಿರಿಯ ಮಗನನ್ನು ಕೇಳಿ ನೋಡಿದಳು. ಜೀಡಿಮೆಟ್ಲಾದ ಔಷಧಿ ಕಂಪನಿಯ ಎರಡನೇ ಪಾಳಿಗೆ ಹೊರಟಿದ್ದ ಮಹಾಂತೇಶ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುತ್ತ, “ಅಪ್ಪಗ ಬಿಪಿ ಐತಿ, ಅಕಿಗಿ ಹೊಟ್ಟಿ ಐತಿ. ಯಾರ ಕಡೆ ಮಾತಾಡಿದ್ರೂ ದವಾಖಾನಿಗೆ ನಾನ ಓಡಬೇಕು ಅವ್ವ,” ಎಂದ.

ನಲ್ಲಿ ನೀರು ಬಂದ ಹೊತ್ತಿನಲ್ಲಿ ಚಿಕ್ಕವನನ್ನು ಕೇಳಿದಳು. ಪವನ ಕೊಡ ತುಂಬಿಸಿ ಒಳಗೆ ತಂದಿಡುತ್ತಿದ್ದ.

“ಪವ್ಯಾ, ಅಪ್ಪ ಕೂಗಿದ್ದಕ್ಕ ಎದ್ದೆ ಅಂತ ನೀ ಹೇಳಿಬಿಡಪಾ.”

“ಯಾರಿಗಿ? ಕೋಚು ಕೇಳಿದ್ರು, ಯಾಕ ಎದ್ದಿ ಅಂತ. ಗೊತ್ತಿಲ್ಲ ಸಾರ್ ಅಂದೆ. ಇಷ್ಟುದ್ದ ಬೆಳದಾವ, ಅಪ್ಪ ಏಳು ಅಂದ, ಎದ್ದೆ ಅಂತ ಹೇಳ್ಲೇನು? ಟೀಮಿನವರು ಮಾರಿ ಮ್ಯಾಲೆ ನಗ್ತಾರ.”

“ವೈನಿ ಮ್ಯಾಲೆ ಬಂದೈತಲ್ಲೋ.”

“ವೈನಿ ಹೆಂಗೂ ಹೆರಿಗಿಗೆ ಹೋಗಾಕಿ. ಬರೂದ್ರಾಗ ಎಲ್ಲಾ ತಣ್ಣಗಾಗಿರ್ತೈತಿ.” ಖಾಲಿ ಕೊಡ ನಲ್ಲಿಯ ಕೆಳಗಿಟ್ಟು ಅವ್ವನ ಕಡೆ ತಿರುಗಿದ. “ನೀನೂ ಪಕ್ಕದಾಗ ಇದ್ದಿ. ನೀನ ಹೇಳು.”

ವನಜಾ ತುಂಬಿದ ಕೊಡಕ್ಕೆ ಬಟ್ಟೆ ಕಟ್ಟಿದಳು.

ಫೈನಲ್ ಆಗಿ ಲಿಂಗಂಪಲ್ಲಿಯವರೇ ಕಪ್ ಗೆದ್ದರು. ಆ ಸಂಜೆ ಚನ್ನಬಸಪ್ಪ ವಾಕಿಂಗಿಗೆ ಹೋದವನು ಮುಖ ಕೆಂಪಗೆ ಮಾಡಿಕೊಂಡು ಮರಳಿದ. ಪಾರ್ಕಿನಲ್ಲಿ ಹಳೆಯ ಸಹೋದ್ಯೋಗಿ ಅಮರೇಶಪ್ಪ, ವಿಡಿಯೋ ಹಿಡಿದವಳು ಹೆಂಗಸಂತೆ ಎಂದು ಹೇಳಿದ್ದ. ನೇತ್ರಾ ನೆಲದ ಮೇಲೆ ಕಾಲು ಚಾಚಿ ಅಕ್ಕಿ ಆರಿಸುತ್ತಿದ್ದಳು. ವನಜಾ ಒಲೆಯ ಮುಂದಿದ್ದಳು.

“ಫೋನ್ ತಾ ಇಲ್ಲಿ,” ಎಂದ ಚನ್ನಬಸಪ್ಪ.

ನೇತ್ರಾ ಮೊರ ಕೆಳಗಿಟ್ಟು ಫೋನ್ ತೆಗೆದುಕೊಟ್ಟಳು. “ನೋಡ್ರಿ ಮಾವಾರ. ಯಾರಿಗಿ ಕಳಿಸೀನಿ, ಎಲ್ಲಾ ನೋಡ್ರಿ. ನನ್ನ ತಮ್ಮ ಕೇಳಿದಾಗೂ ಕೊಟ್ಟಿಲ್ಲ.”

“ಯಾಕ ಕೊಡಲಿಲ್ಲ? ಅಂಥ ಒಳ್ಳೇತನ ಯಾಕ?”

“ಅದನ್ನ ಹಚ್ಚಿ ಕೇಳ್ರಿ, ತಿಳೀತೈತಿ.” ಅವಳೇ ಬೆರಳು ಒತ್ತಿದಳು.

ಮೊದಲು ಗದ್ದಲ, ಸೀಟಿ, ತೆಲುಗಿನ ಕೂಗಾಟ. ಅದರ ಮೇಲೆ, ಫೋನಿನ ಹತ್ತಿರದಿಂದಲೇ, ಗಡಸು ದನಿಯೊಂದು: “ಏ ಪವ್ಯಾ, ಏನ್ ಕುಂತೀಯಲೇ, ಏಳು. ಒಳಗ ಹೋಗು.”

ಚನ್ನಬಸಪ್ಪ ಅಲ್ಲಿಗೇ ವಿಡಿಯೋ ನಿಲ್ಲಿಸಿದ. ಒಳಗೆ ಕನ್ನಡಿ ಮುಂದೆ ತಲೆ ಬಾಚುತ್ತಿದ್ದ ಪವನ ಬಾಚಣಿಕೆ ಹಿಡಿದೇ ನಿಂತ. ಒಲೆಯ ಮೇಲೆ ಹಾಲು ಉಕ್ಕಿ ಬಂತು, ವನಜಾ ಉರಿ ಆರಿಸಿದಳು. ಈಗಲಾದರೂ ಮುಗಿಯಿತು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. ಇವರು ಒಂದು ಸಲ ಕೆಮ್ಮಿ, ಆತು ಬಿಡು ಎಂದರೆ ಸಾಕಿತ್ತು.

“ಇದು ನಾನಲ್ಲ,” ಎಂದ ಚನ್ನಬಸಪ್ಪ. “ಈಗ ಫೋನಿನ್ಯಾಗ ಯಾರ ದನಿ ಬೇಕಾದ್ರೂ ಕೂಡಸ್ತಾರ. ಟಿವಿಯಾಗ ದಿನಾ ತೋರಸ್ತಾರ. ನಿನ್ನ ತಮ್ಮ ಕೂಡಿಸಿ ಕೊಟ್ಟಾನ.”

“ಮಾವಾರ, ನಿಮ್ಮ ಪಕ್ಕದಾಗ ಅತ್ತಿ ಇದ್ರಲ್ರಿ. ಅವರನ್ನ ಕೇಳ್ರಿ.”

“ಕೇಳಾಕೇನು ಅಂಜಿಕಿ? ವನಜಾ, ನೀ ಇದ್ದಿಯಲ್ಲ ಅವತ್ತು. ನಾ ಹಂಗ ಅಂದ್ನೇನು?”

ಎಲ್ಲರೂ ಅವಳ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಅವಳ ಒಂದು ಮಾತಿಗೆ ಅಷ್ಟು ಜನ ಕಾದದ್ದು ಅದೇ ಮೊದಲು. ಸೊಸೆಯ ಕಣ್ಣಲ್ಲಿ ಕೋಪವಿರಲಿಲ್ಲ, ನಂಬಿಕೆಯಿತ್ತು. ಗಂಡನ ಕುತ್ತಿಗೆಯ ನರ ಉಬ್ಬಿತ್ತು. ಬಿಪಿ, ಎಂದುಕೊಂಡಳು. ಹಾಗೆ ಅಂದುಕೊಂಡರೆ ಹೇಳುವುದು ಸುಲಭವಾಯಿತು.

“ಗದ್ದಲ ಭಾಳ ಇತ್ತರೀ,” ಎಂದಳು. “ನನಗೇನೂ ಕೇಳಸಲಿಲ್ಲ.”

ನೇತ್ರಾ ಕೈ ಚಾಚಿ ಫೋನ್ ತೆಗೆದುಕೊಂಡಳು. ಗೋಡೆ ಹಿಡಿದು ಎದ್ದು, ಆರಿಸಿದ ಅಕ್ಕಿಯನ್ನು ಡಬ್ಬಿಗೆ ಸುರಿದು, ಮುಚ್ಚಳ ಹಾಕಿ ಒಳಗೆ ಹೋದಳು.

ಬೆಳಿಗ್ಗೆ ಅವಳೇ ಕ್ಯಾಬ್ ಕರೆಸಿಕೊಂಡು ತವರಿಗೆ ಹೊರಟಳು. ಮಹಾಂತೇಶ ಬ್ಯಾಗು ಎತ್ತಿಟ್ಟು, ಪಾಳಿ ಮುಗಿಸಿ ಫೋನ್ ಮಾಡುತ್ತೇನೆಂದ. ವನಜಾ ಬೇಗ ಎದ್ದು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದ್ದಳು. ನೇತ್ರಾ ಆ ಗಂಟನ್ನು ಮುಟ್ಟದೆ, “ಇರಲಿ ಬಿಡ್ರಿ ಅತ್ತಿ, ಅಲ್ಲಿ ಅವ್ವ ಮಾಡಿರ್ತಾಳ,” ಎಂದು ಕಾರಿನ ಬಾಗಿಲು ಹಾಕಿಕೊಂಡಳು.

ಗಂಡನ ಮನೆಯಲ್ಲಿ ಆಗಬೇಕಾದ ಕುಬಸ ಲಿಂಗಂಪಲ್ಲಿಯ ತವರಿನಲ್ಲಾಯಿತು. ಹಾಗೆ ಮಾಡುವ ಪದ್ಧತಿಯಿಲ್ಲ. ಬಂದ ಹೆಂಗಸರು ಬಾಯಲ್ಲಿ ಹಾಡು ಹೇಳುತ್ತ ಕಣ್ಣಲ್ಲಿ ಕಾರಣ ಕೇಳುತ್ತಿದ್ದರು. ಬೀಗರ ಕಡೆಯಿಂದ ಹೋದವಳು ವನಜಾ ಒಬ್ಬಳೇ. ಬಸ್ಸಿನಲ್ಲಿ ಸಿಕಂದರಾಬಾದಿಗೆ ಬಂದು, ಲೋಕಲ್ ರೈಲು ಹಿಡಿದು, ಮಡಿಲಲ್ಲಿ ಹಸಿರು ಸೀರೆಯ ಪೊಟ್ಟಣ ಇಟ್ಟುಕೊಂಡು ಕೂತಿದ್ದಳು. ನೇತ್ರಾಳ ತಾಯಿ ಶಾಮಲಾ ಬಾಗಿಲಲ್ಲೇ ನೀರು ಕೊಟ್ಟು ಬರಮಾಡಿಕೊಂಡಳು. ಪರಮೇಶ ಬಗ್ಗಿ ಕಾಲು ಮುಟ್ಟಿದ. ಒಬ್ಬರಾದರೂ ಎರಡು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆರತಿಯಾಗಿ ಎಲೆ ಹಾಕುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನೇತ್ರಾ ಒಬ್ಬಳೇ ಸಿಕ್ಕಳು. ವನಜಾ ಅವಳ ಕೈ ಹಿಡಿದುಕೊಂಡಳು.

“ಯವ್ವಾ, ನನಗ ಕೇಳಿಸಿತ್ತು. ಅವರ ಅಂದದ್ದು. ಅವತ್ತ ನನ್ನ ಬಾಯಿ ಕಟ್ಟಿಹೋತು.”

“ಗೊತ್ತೈತ್ರಿ ಅತ್ತಿ. ಆ ವಿಡಿಯೋದಾಗ ಮಾವಾರ ದನಿ ಆದಮ್ಯಾಲೆ ನಿಮ್ಮದೂ ಐತಿ. ‘ಕುಂದರ್‍ರಿ, ಅವನ್ನ ಯಾಕ ಎಬ್ಬಸ್ತೀರಿ’ ಅಂದೀರಿ. ಮಾವಾರು ಅಷ್ಟರಾಗ ಬಂದ್ ಮಾಡಿದ್ರು.”

“ಮತ್ತ ನೀ ಮುಂದ ಯಾಕ ಹಚ್ಚಲಿಲ್ಲ?”

“ಕೇಳಸಲಿಲ್ಲ ಅಂತ ನೀವು ಅಂದಬಿಟ್ರಿ. ಆಮ್ಯಾಲೆ ಹಚ್ಚಿದ್ರ ಮಾವಾರಷ್ಟ ಅಲ್ಲ, ನೀವೂ ಸುಳ್ಳು ಆಗ್ತಿದ್ರಿ.” ನೇತ್ರಾ ಮೆಲ್ಲಗೆ ಕೈ ಬಿಡಿಸಿಕೊಂಡು ಹೋಳಿಗೆಯ ಬುಟ್ಟಿ ಎತ್ತಿದಳು. “ಇಲ್ಲಿ ಒಲಿ ಮುಂದ ನನಗೊಬ್ಬಾಕಿಗಿ ಹೇಳಿ ಏನ್ ಉಪಯೋಗ್ರಿ? ಅಲ್ಲಿ ಹೇಳಬೇಕಾಗಿತ್ತು.”

“ಕೂಸಿನ್ನ ಕರ್ಕೊಂಡು ಬರ್ತಿಯಲ್ಲ ಯವ್ವಾ?”

“ಕೂಸಿನ್ನ ಕರ್ಕೊಂಡು ನಿಮ್ಮ ಬಾಗಿಲಿಗೆ ಬಂದು ಬಿಡಾವ ನನ್ನ ತಮ್ಮ. ಅವಂಗ ಹೊಸ್ತಿಲ ಇಲ್ಲ ಅಂದ್ಮ್ಯಾಲೆ ನಾ ಹೆಂಗ ಬರ್ಲಿ? ಮಾವಾರು ಅವನ್ನ ಕರೀಲಿ, ಬರ್ತೀನಿ.”

ರೈಲಿನಲ್ಲಿ ಮರಳುವಾಗ ವನಜಾ ಒಂದು ನಿರ್ಧಾರ ಮಾಡಿದಳು. ಮನೆ ಮುಟ್ಟಿದ ಮೇಲೆ ಸೀರೆ ಬದಲಿಸಿ, ಹಿಟ್ಟು ನಾದಿ, ರೊಟ್ಟಿ ಬಡಿದು, ಗಂಡನಿಗೂ ಪವನನಿಗೂ ಬಡಿಸಿದಳು. ಕೈ ಒರೆಸಿಕೊಂಡು ಎದುರು ಕೂತಳು.

“ಕುಬಸ ಚಲೋ ಆತೇನು?” ಎಂದ ಚನ್ನಬಸಪ್ಪ.

“ಆತು. ಪರಮೇಶನ್ನ ಕರೀರಿ. ನೀವು ಕರದ್ರ ಅಕಿ ಬರ್ತಾಳಂತ.”

“ನಾ ಯಾಕ ಕರೀಲಿ?”

“ಯಾಕಂದ್ರ ಪವ್ಯಾನ್ನ ಎಬ್ಬಿಸಿದವರು ನೀವ. ನನಗ ಅವತ್ತ ಕೇಳಿಸಿತ್ತು. ಸುಳ್ಳ ಹೇಳಿದೆ.”

ಪವನ ತುತ್ತು ಹಿಡಿದು ತಲೆ ಎತ್ತಿದ. ಚನ್ನಬಸಪ್ಪ ಎತ್ತಲಿಲ್ಲ. ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿ ಬಾಯಿಗಿಟ್ಟು, ಅಗಿದು ನುಂಗಿದ.

“ಗೊತ್ತೈತಿ,” ಎಂದ. “ನನ್ನ ದನಿ ನನಗ ಗುರ್ತ ಸಿಗೂದಿಲ್ಲೇನು?”

“ಗೊತ್ತಿದ್ದು ನನ್ನ ಯಾಕ ಕೇಳಿದ್ರಿ?”

“ನೀ ಹೌದು ಅಂತಿ ಅಂತ ಕೇಳಿದೆ. ನೀ ಹೌದು ಅಂದಿದ್ರ ಅಲ್ಲೇ ಒಪ್ಕೊಂಡುಬಿಡ್ತಿದ್ದೆ. ನೀನ ಕೇಳಸಲಿಲ್ಲ ಅಂದಿ. ಆಮ್ಯಾಲೆ ನಿನ್ನ ಸುಳ್ಳ ಮಾಡಿ ನಾ ಹೆಂಗ ಒಪ್ಕೊಳ್ಳಿ?”

ಇವರು ಒಪ್ಪಿಕೊಳ್ಳುತ್ತಿದ್ದರೇ? ಆಯುಷ್ಯದಲ್ಲಿ ಒಂದು ತಪ್ಪು ಒಪ್ಪಿದವರಲ್ಲ. ಆದರೆ ಇಲ್ಲ ಎಂದು ಹೇಳಲು ವನಜಾಳ ಹತ್ತಿರ ಏನೂ ಉಳಿದಿರಲಿಲ್ಲ. ಕೇಳಿದ ಒಂದೇ ಸಲ ಅವಳು ಇಲ್ಲವೆಂದಿದ್ದಳು. ರೆಫ್ರಿಯ ಮೇಲೆ, ಸಮಿತಿಯ ಮೇಲೆ, ಸೊಸೆಯ ಮೇಲೆ ಹೊರಿಸಿ ಉಳಿದ ಸೋಲನ್ನು ಗಂಡ ಈಗ ಅವಳ ಮುಂದೆ ತಂದಿಟ್ಟಿದ್ದ. ಅದನ್ನು ತಿರುಗಿ ದೂಡಲು ಅವಳಿಗೆ ಕೈ ಬರಲಿಲ್ಲ.

“ಈಗರ ಕರೀರಿ,” ಎಂದಳು.

“ಈಗ ಕರದ್ರ ಕಾಲನಿಯವರು ಏನಂತಾರ? ಎರಡ ಸಲ ಸೋತ ಅಂತಾರ.” ಅವನು ತಟ್ಟೆಯನ್ನು ಮುಂದಕ್ಕೆ ಸರಿಸಿದ. “ಇನ್ನರ್ಧ ರೊಟ್ಟಿ ಹಾಕು.”

ಪವನ ಮತ್ತೆ ತಟ್ಟೆಗೆ ತಲೆ ಬಗ್ಗಿಸಿದ. ವನಜಾ ಬುಟ್ಟಿಯಿಂದ ರೊಟ್ಟಿ ತೆಗೆದಳು, ಮುರಿದಳು, ಅರ್ಧ ಹಾಕಿದಳು.